ಹಾಜರಿ ಪುಸ್ತಕದಲ್ಲಿ ಯಾವ ಹೆಸರು? ಶಾಲೆ–ಕಾಲೇಜುಗಳಲ್ಲಿ ಲಿಂಗತ್ವ ಗುರುತಿನ ನಿಯಮಗಳು (ಗುಂಪಿನ ಪ್ರಶ್ನೋತ್ತರ, ನವೆಂಬರ್ 2025)

ಪ್ರಶ್ನೆ – ಪ್ರೌಢಶಾಲೆಯ ಮುಖ್ಯ ಶಿಕ್ಷಕರು:
ಒಂಬತ್ತನೇ ತರಗತಿಯ ಮಗು. ದಾಖಲೆಯಲ್ಲಿ ಗಂಡು. ತಾನು ಹುಡುಗಿ, ತನ್ನನ್ನು ಬೇರೆ ಹೆಸರಿನಿಂದ ಕರೆಯಬೇಕು ಎಂದು ಕ್ಲಾಸ್ ಟೀಚರ್ ಹತ್ತಿರ ಕೇಳಿದೆ. ಸ್ಟಾಫ್ ರೂಮಿನಲ್ಲಿ ಎರಡು ಪಂಗಡ ಆಗಿದೆ. ‘ಇಲಾಖೆಯಿಂದ ಆದೇಶ ಬರಲಿ, ಅಲ್ಲೀವರೆಗೂ ಸುಮ್ಮನಿರಿ’ ಅನ್ನುವವರು ಕೆಲವರು, ‘ನಾಳೆಯೇ ರಿಜಿಸ್ಟರ್ ತಿದ್ದಿ’ ಅನ್ನುವವರು ಕೆಲವರು. ಕಾನೂನು ಏನು ಹೇಳುತ್ತದೆ? ನನ್ನ ಕೈಯಲ್ಲಿ ಏನಿದೆ, ಏನಿಲ್ಲ?

ಉತ್ತರ – ವಕೀಲರು:
ಸರ್, ಎರಡೂ ಪಂಗಡದವರು ತಪ್ಪು. ಕರೆಯುವ ಹೆಸರು ಬೇರೆ, ದಾಖಲೆಯ ಹೆಸರು ಬೇರೆ. ಈ ವಿಷಯದ ಮುಕ್ಕಾಲು ಪಾಲು ಜಗಳ ಇವೆರಡನ್ನು ಒಂದೇ ಅಂದುಕೊಳ್ಳುವುದರಿಂದ ಹುಟ್ಟುತ್ತದೆ.

ಮೊದಲು ಬುಡ ನೋಡೋಣ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವವನ್ನು ವ್ಯಕ್ತಿ ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಒಪ್ಪಿತು. ಆಮೇಲೆ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ 2020ರ ಜನವರಿ 10ರಿಂದ ಜಾರಿಯಲ್ಲಿದೆ, ಅದರ ನಿಯಮಗಳು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದವು. 3ನೇ ಕಲಂ ಶಿಕ್ಷಣ ಸಂಸ್ಥೆಯಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. 13ನೇ ಕಲಂ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಪ್ರತಿ ಶಾಲೆಯೂ ಪಾಠ, ಆಟ, ಮನರಂಜನೆ ಎಲ್ಲದರಲ್ಲೂ ಇಂಥ ಮಗುವಿಗೆ ಇತರರಂತೆ ಅವಕಾಶ ಕೊಡಲೇಬೇಕು. ಮಾನ್ಯತೆ ಇದ್ದರೆ ಸಾಕು, ಅನುದಾನ ಇಲ್ಲ ಎಂದು ಖಾಸಗಿ ಶಾಲೆ ತಪ್ಪಿಸಿಕೊಳ್ಳುವಂತಿಲ್ಲ.

ಅಂದರೆ ಮಗುವಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಲು ಯಾವ ಆದೇಶಕ್ಕೂ ಕಾಯಬೇಕಿಲ್ಲ, ಯಾವ ಸರ್ಟಿಫಿಕೇಟನ್ನೂ ಕೇಳಬೇಕಿಲ್ಲ. ದಾಖಲಾತಿ ರಿಜಿಸ್ಟರ್, ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ), ಟಿಸಿ (ವರ್ಗಾವಣೆ ಪತ್ರ) ಇವನ್ನು ಮುಟ್ಟಲು ಮಾತ್ರ ಕಾಗದ ಬೇಕು. ಕಾಗದ ಇಲ್ಲದೆ ರಿಜಿಸ್ಟರ್ ತಿದ್ದಿದರೆ ನಾಳೆ ಆ ಮಗುವಿನ ಮಾರ್ಕ್ಸ್ ಕಾರ್ಡೇ ತೂಗುಯ್ಯಾಲೆಯಲ್ಲಿರುತ್ತದೆ.

ಪ್ರಶ್ನೆ – ಅದೇ ಮುಖ್ಯ ಶಿಕ್ಷಕರು:
ಆ ಕಾಗದ ಯಾರು ಮಾಡಿಸಬೇಕು? ಶಾಲೆಯಿಂದ ಅರ್ಜಿ ಹಾಕಬಹುದೇ?

ಉತ್ತರ – ವಕೀಲರು:
ಇಲ್ಲ. 18 ತುಂಬದ ಮಗುವಿನ ಪರವಾಗಿ ತಂದೆ, ತಾಯಿ ಅಥವಾ ಪಾಲಕರೇ ಅರ್ಜಿ ಹಾಕಬೇಕು (5ನೇ ಕಲಂ). ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ಹಾಕುವುದು ರಾಷ್ಟ್ರೀಯ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ. ನಮೂನೆ 1 ಅರ್ಜಿ, ನಮೂನೆ 2 ಅಫಿಡವಿಟ್. ಅದೇ ಜಿಲ್ಲೆಯಲ್ಲಿ ಸತತ 12 ತಿಂಗಳು ವಾಸವಿರಬೇಕು. ಹಾಸ್ಟೆಲಿನಲ್ಲಿರುವ ಮಕ್ಕಳ ಅರ್ಜಿ ಹೆಚ್ಚಾಗಿ ಎಡವುವುದು ಇಲ್ಲಿ. ಆಧಾರ್ ಒಂದು ಜಿಲ್ಲೆಯದು, ಓದು ಇನ್ನೊಂದು ಜಿಲ್ಲೆಯಲ್ಲಿ. ಜಿಲ್ಲಾಧಿಕಾರಿ 30 ದಿನದಲ್ಲಿ ಪ್ರಮಾಣಪತ್ರ ಕೊಡಬೇಕು. 2020ರ ನಿಯಮಗಳ ಪ್ರಕಾರ ಅಫಿಡವಿಟ್ ಮೇಲೆಯೇ ತೀರ್ಮಾನ. ವೈದ್ಯಕೀಯ ಅಥವಾ ದೈಹಿಕ ಪರೀಕ್ಷೆ ಮಾಡುವಂತಿಲ್ಲ ಎಂದು ಆ ನಿಯಮಗಳಲ್ಲೇ ಇದೆ. ‘ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಬನ್ನಿ’ ಎಂದು ಕೆಳಹಂತದಲ್ಲಿ ಹೇಳಿದರೆ, ಏನು ಬೇಕು ಎಂಬುದನ್ನು ಲಿಖಿತವಾಗಿ ಕೇಳಿ. ತಿರಸ್ಕರಿಸಿದರೆ ಮೇಲ್ಮನವಿಗೆ 90 ದಿನ ಇದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಕಲ್ಲಿದೆ. 6ನೇ ಕಲಂ ಅಡಿ ಸಿಗುವ ಪ್ರಮಾಣಪತ್ರದಲ್ಲಿ ಲಿಂಗ ‘ಟ್ರಾನ್ಸ್‌ಜೆಂಡರ್’ ಎಂದಿರುತ್ತದೆ, ‘ಹೆಣ್ಣು’ ಎಂದಲ್ಲ. ‘ಗಂಡು’ ಅಥವಾ ‘ಹೆಣ್ಣು’ ಎಂದೇ ಬೇಕಿದ್ದರೆ 7ನೇ ಕಲಂ ಅಡಿ ಪರಿಷ್ಕೃತ ಪ್ರಮಾಣಪತ್ರ ಬೇಕು. ಅದಕ್ಕೆ ಚಿಕಿತ್ಸೆ ನಡೆದ ಸಂಸ್ಥೆಯ ವೈದ್ಯಕೀಯ ಅಧೀಕ್ಷಕರ ಅಥವಾ ಮುಖ್ಯ ವೈದ್ಯಾಧಿಕಾರಿಯ ಪತ್ರ ಇರಬೇಕು. ಕಾಯ್ದೆಯಲ್ಲಿ ಶಸ್ತ್ರಚಿಕಿತ್ಸೆ ಎಂದಿದ್ದರೂ, 2020ರ ನಿಯಮಗಳು ‘ವೈದ್ಯಕೀಯ ಮಧ್ಯಪ್ರವೇಶ’ ಎಂಬ ಮಾತಿನಲ್ಲಿ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆಗಳನ್ನೂ ಸೇರಿಸಿವೆ. ಅರ್ಜಿಯ ಜೊತೆ ಆ ನಿಯಮದ ಪ್ರತಿ ಲಗತ್ತಿಸಿದರೆ ಒಂದು ಓಡಾಟ ಉಳಿಯುತ್ತದೆ. ಹಾಗಾಗಿ 6ನೇ ಕಲಂ ಪತ್ರ ಹಿಡಿದು ‘ಹೆಣ್ಣು ಎಂದು ತಿದ್ದಿ’ ಎಂದು ಪೋಷಕರು ಕೇಳಿದರೆ, ನೀವು ತಿದ್ದಬಹುದಾದದ್ದು ‘ಟ್ರಾನ್ಸ್‌ಜೆಂಡರ್’ ಎಂದು ಮಾತ್ರ. ಶಾಲೆಗಳ ಕೇಂದ್ರ ದತ್ತಾಂಶ ಜಾಲ ಯುಡೈಸ್ ಪ್ಲಸ್‌ನಲ್ಲಿ ಅದಕ್ಕೆ ಸಂಕೇತ 3.

ಉತ್ತರ – ಆಪ್ತಸಮಾಲೋಚಕಿ:
ವಕೀಲರು ಕಾಗದದ ಮಾತು ಹೇಳಿದರು. ಕಾಗದ ಬರುವ ಮೊದಲು ತರಗತಿಯಲ್ಲಿ ಏನು ಅನ್ನುವುದನ್ನು ನಾನು ಹೇಳುತ್ತೇನೆ ಸರ್.

ಮಗುವನ್ನು ಒಬ್ಬಂಟಿಯಾಗಿ ಕೂರಿಸಿ ಮೂರೇ ಪ್ರಶ್ನೆ ಕೇಳಿ. ಯಾವ ಹೆಸರು? ಈ ವಿಷಯ ಯಾರಿಗೆ ಗೊತ್ತು, ಯಾರಿಗೆ ಗೊತ್ತಾಗಬಾರದು? ಮನೆಗೆ ಫೋನ್ ಮಾಡಿದರೆ ಯಾವ ಹೆಸರು ಹೇಳಬೇಕು? ಮೂರನೆಯದನ್ನು ಕೇಳದೆಯೇ ಅನಾಹುತ ಆಗುವುದು. ತರಗತಿಯಲ್ಲಿ ಹೊಸ ಹೆಸರು ರೂಢಿಯಾಗಿರುತ್ತದೆ, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಟೀಚರ್ ಅದೇ ಹೆಸರಿನಲ್ಲಿ ಫೋಟೊ ಹಾಕುತ್ತಾರೆ, ಸಂಜೆಗೆ ಮಗು ಮನೆಯಲ್ಲಿ ಏಟು ತಿನ್ನುತ್ತದೆ. ಪ್ರೋಗ್ರೆಸ್ ಕಾರ್ಡು, ಶುಲ್ಕದ ರಸೀದಿ, ಪೋಷಕರ ಸಭೆಯ ಪಟ್ಟಿ, ಬಸ್ಸಿನ ಪಟ್ಟಿ – ಮನೆ ತಲುಪುವ ಪ್ರತಿ ಕಾಗದದ ಹೆಸರನ್ನೂ ಮೊದಲೇ ತೀರ್ಮಾನಿಸಿ.

ಕನ್ನಡ ಮಾಧ್ಯಮದ ಶಿಕ್ಷಕರಿಗೆ ಒಂದು ಅನುಕೂಲ ಇದೆ. ಎದುರಿಗಿರುವವರನ್ನು ಮಾತಾಡಿಸಲು ನಮ್ಮ ಭಾಷೆಗೆ ಲಿಂಗ ಬೇಕಾಗಿಲ್ಲ. ‘ನೀನು ಓದು’, ‘ಇಲ್ಲಿ ಬಾ’, ‘ಹೋಂವರ್ಕ್ ತಂದಿದ್ದೀಯಾ’ – ಎಲ್ಲೂ ಗಂಡು–ಹೆಣ್ಣು ಇಲ್ಲ. ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು, ಬಾಲಕ್ಕೆ ಅಂಟಿಕೊಳ್ಳುವ ‘ಬಾರೋ’, ‘ಕಣೋ’, ‘ಬಾರೇ’, ‘ಕಣೇ’. ಇನ್ನೊಂದು, ಮಗು ಇಲ್ಲದಾಗ ಅದರ ಬಗ್ಗೆ ಆಡುವ ಮಾತು: ‘ಬಂದನಾ’, ‘ಬಂದಳಾ’. ಓ–ಏ ಬಾಲಗಳನ್ನು ಇಡೀ ತರಗತಿಗೇ ಬಿಟ್ಟುಬಿಡಿ. ಒಬ್ಬರಿಗೆ ಮಾತ್ರ ಬಿಟ್ಟರೆ ಉಳಿದವರು ತಕ್ಷಣ ಗುರುತಿಸುತ್ತಾರೆ, ಮಕ್ಕಳ ಕಿವಿ ಬಲು ಚುರುಕು. ಬೆನ್ನಹಿಂದೆ ಮಾತಾಡುವಾಗ ಹೆಸರನ್ನೇ ಬಳಸಿ ಅಥವಾ ‘ಬಂದಿದ್ದಾರೆ’ ಎನ್ನಿ. ‘ಅದು ಬಂತು’ ಬೇಡ. ಐದು ವರ್ಷದ ಕೂಸಿಗೆ ‘ಮಗು ಬಂತು’ ಅಂದರೆ ಮುದ್ದು, ಹದಿನಾಲ್ಕರ ಈ ಮಗುವಿಗೆ ‘ಅದು’ ಅಂದರೆ ಬೈಗುಳ.

ಹಾಜರಿ ಪುಸ್ತಕದ ಮಾತು. ನಮ್ಮ ಎಷ್ಟೋ ಶಾಲೆಗಳಲ್ಲಿ ಹುಡುಗರ ಹೆಸರು ಮೊದಲು, ಹುಡುಗಿಯರದು ಆಮೇಲೆ. ಹುಡುಗಿಯರದು ಕೆಂಪು ಶಾಯಿಯಲ್ಲಿ. ಆ ಪುಟ ತೆರೆದರೆ ಸಾಕು, ಮಗು ಯಾವ ಪಾಲಿಗೆ ಸೇರಿದ್ದು ಎಂದು ದಿನಕ್ಕೆರಡು ಬಾರಿ ಗಟ್ಟಿಯಾಗಿ ಸಾರಿದಂತೆ. ಇಡೀ ತರಗತಿಗೆ ಒಂದೇ ಅಕಾರಾದಿ ಪಟ್ಟಿ, ಒಂದೇ ಶಾಯಿ ಮಾಡಿ, ನಂಬರು ಕರೆದು ಹಾಜರಿ ಹಾಕಿ. ಆದರೆ ವರ್ಷದ ನಡುವೆ ಮಾಡಬೇಡಿ. ಕ್ರಮಸಂಖ್ಯೆ ಬದಲಾದ ದಿನವೇ ‘ಯಾಕೆ’ ಎಂಬ ಪ್ರಶ್ನೆ ಏಳುತ್ತದೆ. ಜೂನ್‌ನಲ್ಲಿ ಹೊಸ ಪುಸ್ತಕ ತೆರೆಯುವಾಗ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ.

ಪ್ರಶ್ನೆ – ಒಬ್ಬ ಪೋಷಕರು:
ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ನನ್ನ ಮಗು ಶಾಲೆಯಲ್ಲಿ ಬೇರೆ ಹೆಸರಿನಲ್ಲಿದೆ ಅನ್ನುವುದು ಹೆತ್ತವರಾದ ನಮಗೇ ಗೊತ್ತಿರಬಾರದೇ? ಇದು ಯಾವ ನ್ಯಾಯ?

ಉತ್ತರ – ಆಪ್ತಸಮಾಲೋಚಕಿ:
ಗೊತ್ತಿರಬಾರದು ಎಂದು ನಾನು ಹೇಳುತ್ತಿಲ್ಲ. ಯಾವಾಗ, ಯಾರ ಬಾಯಿಂದ ಅನ್ನುವುದು ಪ್ರಶ್ನೆ. ಮಗುವೇ ಹೇಳುವುದು ಒಳ್ಳೆಯದು, ಜೊತೆಗೆ ಅದು ನಂಬುವ ಒಬ್ಬ ಶಿಕ್ಷಕರು ಕೂತಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಹೊಡೆತ, ಓದು ಬಿಡಿಸುವುದು, ‘ಸರಿಮಾಡಿಸಲು’ ಎಲ್ಲಿಗೋ ಕರೆದೊಯ್ಯುವುದು – ಇಂಥ ಅಪಾಯ ಮಗುವಿನ ಮಾತಿನಲ್ಲಿ ಕಂಡರೆ ನಾನು ಅವಸರ ಮಾಡುವುದಿಲ್ಲ. ‘ಸರಿಮಾಡುವ’ ಚಿಕಿತ್ಸೆ ಎಂಬುದು ಇಲ್ಲ. ಅದನ್ನು ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಉತ್ತರ – ವಕೀಲರು:
ಇಲ್ಲಿ ಮೇಡಂ ಜೊತೆ ನನಗೆ ಅರ್ಧ ಭಿನ್ನಾಭಿಪ್ರಾಯ. ಕರೆಯುವ ಹೆಸರನ್ನು ಮನೆಗೆ ತಿಳಿಸಬೇಕು ಎಂದಾಗಲೀ ತಿಳಿಸಬಾರದು ಎಂದಾಗಲೀ 2019ರ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಖಾಲಿ ಜಾಗ ಇದ್ದಲ್ಲಿ ಹೊಣೆ ಮುಖ್ಯ ಶಿಕ್ಷಕರ ತಲೆಗೇ ಬರುತ್ತದೆ. ಒಂದು ವಾರ, ಹದಿನೈದು ದಿನ ಸುಮ್ಮನಿರುವುದು ಬೇರೆ. ಪೋಷಕರು ಎದುರಿಗೆ ಬಂದು ನೇರವಾಗಿ ಕೇಳಿದಾಗ ಸುಳ್ಳು ಹೇಳುವುದು ಬೇರೆ. ಎರಡನೆಯದನ್ನು ಮಾಡಬೇಡಿ. ಅಪಾಯ ನಿಜವಾಗಿಯೂ ಇದ್ದರೆ ಅದಕ್ಕೊಂದು ದಾರಿ ಇದೆ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, ಮಕ್ಕಳ ಕಲ್ಯಾಣ ಸಮಿತಿ. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರೆ ಮಾಡುವಂತಿಲ್ಲ, ನ್ಯಾಯಾಲಯದ ಆದೇಶ ಇದ್ದರೆ ಮಾತ್ರ ಎನ್ನುತ್ತದೆ 12ನೇ ಕಲಂ. ಅದು ಮಗುವಿನ ಹಕ್ಕೂ ಹೌದು. ಮನೆಯವರು ಇದೇ ಕಾರಣಕ್ಕೆ ಹೊರಗೆ ಹಾಕುವಂತೆಯೂ ಇಲ್ಲ.

ಉತ್ತರ – ಆಪ್ತಸಮಾಲೋಚಕಿ:
ಸುಳ್ಳು ಬೇಡ, ಒಪ್ಪಿದೆ. ‘ಮಗು ನಮ್ಮ ಹತ್ತಿರ ಒಂದು ವಿಷಯ ಹೇಳಿದೆ, ಅದರ ಜೊತೆಯಲ್ಲೇ ಕೂತು ಮಾತಾಡೋಣ’ ಅಂದರೆ ಸಾಕು, ಅದು ಸುಳ್ಳಲ್ಲ. ಆದರೆ ಹದಿನೈದು ದಿನ ಎಂದು ಗಡುವು ಹಾಕುವುದನ್ನು ನಾನು ಒಪ್ಪುವುದಿಲ್ಲ. ಮಗು ಕಂಗೆಟ್ಟಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ – ಅದೇ ಪೋಷಕರು:
ಶೌಚಾಲಯದ ವಿಷಯ? ಹೆಣ್ಣುಮಕ್ಕಳ ಪೋಷಕರಿಗೆ ಇರುವ ಆತಂಕ ಸುಳ್ಳೇ?

ಉತ್ತರ – ವಕೀಲರು:
ಸುಳ್ಳಲ್ಲ. ಅದನ್ನು ಗೋಡೆ, ಬಾಗಿಲು, ಚಿಲಕದಿಂದ ಬಗೆಹರಿಸಬೇಕು. ಸ್ಟಾಫ್ ರೂಮಿನ ಭಾಷಣದಿಂದ ಬಗೆಹರಿಯುವುದಿಲ್ಲ. ಗಂಡು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಆದ್ದರಿಂದ ಇರುವ ಹೆಣ್ಣುಮಕ್ಕಳ ಶೌಚಾಲಯದ ಫಲಕ ಕಿತ್ತು ‘ಎಲ್ಲರಿಗೂ’ ಎಂದು ಬರೆಯಬೇಡಿ. ಒಂದು ಕಾನೂನು ಪಾಲಿಸಲು ಹೋಗಿ ಇನ್ನೊಂದನ್ನು ಮುರಿದಂತಾಗುತ್ತದೆ. ಎಲ್ಲರೂ ಬಳಸಬಹುದಾದದ್ದು ಹೆಚ್ಚುವರಿಯಾಗಿ ಬರಬೇಕು. 2020ರ ನಿಯಮಗಳಲ್ಲಿ ಸಂಸ್ಥೆಯ ಸಮಾನ ಅವಕಾಶ ನೀತಿಯೊಳಗೆ ಇಂಥ ಶೌಚಾಲಯ, ನೈರ್ಮಲ್ಯ ಸಾಮಗ್ರಿ ಸೇರಿವೆ. ಸಾರ್ವಜನಿಕ ಶೌಚಾಲಯಗಳ ಮಟ್ಟಿಗೆ, ವ್ಯಕ್ತಿ ತಾನು ಗುರುತಿಸಿಕೊಂಡ ಕಡೆಗೆ ಹೋಗಬಹುದು ಎಂದು 2017ರಲ್ಲೇ ಸ್ವಚ್ಛ ಭಾರತದ ಮಾರ್ಗಸೂಚಿ ಬಂದಿತ್ತು.

ಉತ್ತರ – ಆಪ್ತಸಮಾಲೋಚಕಿ:
ಕಟ್ಟುವಾಗ ಇಷ್ಟು ನೋಡಿ. ಒಂದೇ ಕೋಣೆ, ಒಳಗೇ ಕೈತೊಳೆಯುವ ನಲ್ಲಿ. ಬಾಗಿಲು ನೆಲದವರೆಗೆ, ಗೋಡೆ ಚಾವಣಿಯವರೆಗೆ – ಮೇಲಿಂದ ಇಣುಕುವ, ಕೆಳಗಿಂದ ಮೊಬೈಲ್ ತೂರಿಸುವ ಸಂದು ಇರಕೂಡದು. ಒಳಚಿಲಕ ಗಟ್ಟಿ ಇರಲಿ. ಮುಚ್ಚಳದ ಪ್ಯಾಡ್ ಡಬ್ಬಿ ಇಡಿ. ಟ್ರಾನ್ಸ್ ಹುಡುಗರಿಗೆ (ದಾಖಲೆಯಲ್ಲಿ ಹೆಣ್ಣಾಗಿದ್ದು ತಾನು ಹುಡುಗ ಎನ್ನುವವರಿಗೆ) ಮುಟ್ಟಾಗುತ್ತದೆ ಎಂಬುದನ್ನೇ ಮರೆತುಬಿಡುತ್ತಾರೆ. ನಮ್ಮಲ್ಲಿ ಕೆಡುವುದು ಹೀಗೆ: ಅಂಗವಿಕಲರ ಶೌಚಾಲಯವನ್ನೇ ‘ಇದೂ ಅದೇ’ ಎಂದು ತೋರಿಸುತ್ತಾರೆ, ಅದಕ್ಕೆ ಬೀಗ, ಬೀಗದ ಕೈ ಅಟೆಂಡರ್ ಹತ್ತಿರ. ಪ್ರತಿ ಸಲ ಕೇಳಿ ಇಸಿದುಕೊಳ್ಳಬೇಕಾದರೆ ಮಗು ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಬೀಗ ಬೇಡ, ಯಾರು ಬೇಕಾದರೂ ಹೋಗಲಿ. ನಾಚಿಕೆಯ ಹುಡುಗ, ಹೊಟ್ಟೆ ಕೆಟ್ಟ ಟೀಚರ್, ಎಲ್ಲರೂ ಬಳಸಿದಾಗಲೇ ಅದು ಒಬ್ಬರ ಶೌಚಾಲಯ ಎನಿಸುವುದು ತಪ್ಪುತ್ತದೆ. ಬಟ್ಟೆ ಬದಲಿಸುವ ಜಾಗಕ್ಕೂ ಇದೇ ಲೆಕ್ಕ: ಪರದೆ ಹಾಕಿದ ಎರಡು ಗೂಡು ಮಾಡಿ, ಬೇಕಾದವರು ಬಳಸಲಿ.

ಪ್ರಶ್ನೆ – ದೈಹಿಕ ಶಿಕ್ಷಕರು:
ಸಮವಸ್ತ್ರ ಮತ್ತು ಆಟ?

ಉತ್ತರ – ವಕೀಲರು:
ಸಮವಸ್ತ್ರ ಸುಲಭ. ನಿಯಮದಲ್ಲಿ ‘ಹುಡುಗರು’, ‘ಹುಡುಗಿಯರು’ ಎಂಬ ಪದ ತೆಗೆದು ಉಡುಪುಗಳ ಹೆಸರು ಮಾತ್ರ ಬರೆಯಿರಿ: ಶರ್ಟು–ಪ್ಯಾಂಟು, ಚೂಡಿದಾರ, ಸ್ಕರ್ಟು, ಇವುಗಳಲ್ಲಿ ಯಾವುದಾದರೂ ಒಂದು. ಎಲ್ಲರಿಗೂ ಒಂದೇ ಪ್ಯಾಂಟು ಎಂದು ಹೇರಲು ಹೋದರೆ ಗಲಾಟೆ ಬೇರೆ ಕಡೆಯಿಂದ ಏಳುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇರಳದ ಬಾಲುಶ್ಶೇರಿಯ ಸರ್ಕಾರಿ ಶಾಲೆಯಲ್ಲಿ ಎಲ್ಲರಿಗೂ ಒಂದೇ ಸಮವಸ್ತ್ರ ತಂದಾಗ ಪ್ರತಿಭಟನೆ ನಡೆದದ್ದು ನೆನಪಿರಬಹುದು. ಆಯ್ಕೆ ಕೊಟ್ಟರೆ ಜಗಳ ಕಡಿಮೆ.

ಆಟದಲ್ಲಿ ಒಂದೇ ಉತ್ತರ ಇಲ್ಲ. ಪಿ.ಟಿ. ಪೀರಿಯಡ್ಡು, ಶಾಲೆಯೊಳಗಿನ ಪಂದ್ಯ ಇವಕ್ಕೆ 13ನೇ ಕಲಂ ಸಾಕು, ಆಡಿಸಿ. ತಂಡಗಳನ್ನು ಲಿಂಗದ ಬದಲು ತೂಕ, ಎತ್ತರ, ಆಟದ ಮಟ್ಟ ನೋಡಿ ಮಾಡಿದರೆ ಕಬಡ್ಡಿಯಲ್ಲಿ ಏಟಾಗುವುದೂ ಕಡಿಮೆ. ಶಾಲೆಯ ಹೊರಗಿನ ಪಂದ್ಯಕ್ಕೆ ಆ ಕ್ರೀಡಾ ಸಂಸ್ಥೆಯ ನಿಯಮವೇ ನಿಯಮ. ಹೆಸರು ಕಳಿಸುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಗೆದ್ದ ಮೇಲೆ ತಕರಾರು ಬಂದು ಪದಕ ವಾಪಸು ಕೊಡುವ ಸ್ಥಿತಿ ಮಗುವಿಗೆ ಬರಬಾರದು. ಜಾಗತಿಕ ಮಟ್ಟದ ಅಥ್ಲೆಟಿಕ್ಸ್‌ನಲ್ಲಿ, ಗಂಡಾಗಿ ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರಿಗೆ 2023ರ ಮಾರ್ಚ್ 31ರಿಂದ ಮಹಿಳಾ ವಿಭಾಗ ಮುಚ್ಚಿದೆ. ಅದನ್ನು ತಂದು ಶಾಲೆಯ ಕ್ರೀಡಾದಿನದ ಲೆಮನ್ ಸ್ಪೂನಿಗೆ ಹಚ್ಚುವುದು ಅತಿಯಾಯಿತು.

ಪ್ರಶ್ನೆ – ಪದವಿ ಕಾಲೇಜಿನ ಉಪನ್ಯಾಸಕಿ:
ನಮ್ಮ ವಿದ್ಯಾರ್ಥಿನಿಯೊಬ್ಬಳ ಹತ್ತಿರ ಪ್ರಮಾಣಪತ್ರ, ಗುರುತಿನ ಚೀಟಿ ಎರಡೂ ಇವೆ. ಪದವಿ ಅಂಕಪಟ್ಟಿಯಲ್ಲಿ ಹೊಸ ಹೆಸರು ಬರಬೇಕು. ವಿಶ್ವವಿದ್ಯಾಲಯ ‘ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲು ಮಾಡಿಸಿ’ ಅನ್ನುತ್ತದೆ. ಇದು ಸರಿಯೇ?

ಉತ್ತರ – ಪರೀಕ್ಷಾ ವಿಭಾಗದ ಅಧಿಕಾರಿ:
ಮೇಡಂ, ನಿಯಮದ ದೃಷ್ಟಿಯಿಂದ ತಪ್ಪು, ಕೆಲಸದ ದೃಷ್ಟಿಯಿಂದ ಸರಿ. 2020ರ ನಿಯಮಗಳ ಅನುಬಂಧದಲ್ಲಿರುವ ದಾಖಲೆಗಳ ಪಟ್ಟಿಯಲ್ಲಿ ಶಾಲೆ, ಮಂಡಳಿ, ಕಾಲೇಜು, ವಿಶ್ವವಿದ್ಯಾಲಯ ಕೊಡುವ ಎಲ್ಲ ಶೈಕ್ಷಣಿಕ ಪ್ರಮಾಣಪತ್ರಗಳೂ ಇವೆ. ಅರ್ಜಿ ಬಂದ 15 ದಿನದಲ್ಲಿ ಆಯಾ ಪ್ರಾಧಿಕಾರ ಬದಲಿಸಿಕೊಡಬೇಕು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಬೇಕು ಎಂದು ಎಲ್ಲೂ ಇಲ್ಲ. ಆದರೆ ನಾಳೆ ಕೆಲಸಕ್ಕೆ ಹೋದಾಗ ಎಸ್‌ಎಸ್‌ಎಲ್‌ಸಿ ಒಂದು ಹೆಸರು, ಪದವಿ ಒಂದು ಹೆಸರು ಇದ್ದರೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುವುದು ಆಕೆಯೇ. ಅದಕ್ಕೆ ಈ ಕ್ರಮ ಹಿಡಿಯಿರಿ.

ಮೊದಲು ಆಧಾರ್. ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಯನ್ನು ಅಲ್ಲಿ ದಾಖಲೆಯಾಗಿ ಒಪ್ಪುತ್ತಾರೆ. ಆದರೆ ಆಧಾರ್‌ನಲ್ಲಿ ಲಿಂಗವನ್ನು ಒಂದೇ ಸಲ, ಹೆಸರನ್ನು ಎರಡು ಸಲ ಬದಲಿಸಬಹುದು. 7ನೇ ಕಲಂ ಪತ್ರ ಮಾಡಿಸುವ ಯೋಚನೆ ಇದ್ದರೆ, ಈಗ ‘ಟ್ರಾನ್ಸ್‌ಜೆಂಡರ್’ ಎಂದು ಮಾಡಿಸಿ ಆರು ತಿಂಗಳ ಮೇಲೆ ‘ಹೆಣ್ಣು’ ಎಂದು ಮಾಡಿಸಲು ಹೋದಾಗ ಪರದಾಟ. ಮುಂಚೆಯೇ ಲೆಕ್ಕ ಹಾಕಿ. ಆಮೇಲೆ ಎಸ್‌ಎಸ್‌ಎಲ್‌ಸಿ, ಪಿಯುಸಿ. ಎರಡೂ ಈಗ ಒಂದೇ ಮಂಡಳಿ, ಅರ್ಜಿ ಹೋಗುವುದು ಓದಿದ ಶಾಲೆ, ಕಾಲೇಜಿನ ಮುಖ್ಯಸ್ಥರ ಮೂಲಕ. ಅದೇ ದಿನ ವಿಶ್ವವಿದ್ಯಾಲಯಕ್ಕೂ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, 15 ದಿನದ ಗಡಿಯಾರ ಅಲ್ಲೂ ಓಡುತ್ತಿರಲಿ. ಕೊನೆಗೆ ಅಪಾರ್ (ವಿದ್ಯಾರ್ಥಿಯ ಶೈಕ್ಷಣಿಕ ಗುರುತಿನ ಸಂಖ್ಯೆ), ಡಿಜಿಲಾಕರ್. ಇವನ್ನು ಮರೆತರೆ ಆಧಾರ್ ಹೆಸರಿಗೂ ಅಂಕಗಳ ಹೆಸರಿಗೂ ತಾಳೆಯಾಗದೆ ಕ್ರೆಡಿಟ್‌ಗಳು ಖಾತೆಗೆ ಸೇರುವುದಿಲ್ಲ.

ಹೊಸ ಅಂಕಪಟ್ಟಿಗೆ ಹಳೆಯ ನೋಂದಣಿ ಸಂಖ್ಯೆಯೇ ಇರಬೇಕು, ಅದೂ ನಿಯಮದಲ್ಲಿದೆ. ಹೊಸ ಸಂಖ್ಯೆ ಕೊಡುತ್ತೇವೆ ಎಂದರೆ ಬೇಡ ಎನ್ನಿ, ಹಿಂದಿನ ಸೆಮಿಸ್ಟರ್‌ಗಳು ಅನಾಥವಾಗುತ್ತವೆ. ಮೂಲ ಅಂಕಪಟ್ಟಿ ಒಪ್ಪಿಸುವ ಮೊದಲು ಎರಡು ಪ್ರತಿ ದೃಢೀಕರಿಸಿ ಇಟ್ಟುಕೊಳ್ಳಿ.

ಪ್ರೌಢಶಾಲೆಯವರಿಗೂ ಒಂದು ಮಾತು. ಎಸ್‌ಎಸ್‌ಎಲ್‌ಸಿ ನಾಮಿನಲ್ ರೋಲ್ (ಪರೀಕ್ಷೆಗೆ ಕೂರುವವರ ಪಟ್ಟಿ) ಅಂತಿಮವಾಗುವ ಮೊದಲು ತಿದ್ದಿದರೆ ಅದು ಒಂದು ಕ್ಲಿಕ್ಕಿನ ಕೆಲಸ. ಅಂಕಪಟ್ಟಿ ಮುದ್ರಣವಾದ ಮೇಲೆ ಕಡತ ಬೆಂಗಳೂರಿಗೆ ಹೋಗಿ ಬರಬೇಕು.

ಉತ್ತರ – ವಕೀಲರು:
ಜನನ ಪ್ರಮಾಣಪತ್ರದ ಬಗ್ಗೆ ಒಂದು ಸೇರ್ಪಡೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅವಕಾಶವೇ ಇಲ್ಲ ಎಂದು ನೋಂದಣಾಧಿಕಾರಿಗಳು ಹಿಂದಿರುಗಿಸುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕಾನೂನು ತಿದ್ದುಪಡಿಯಾಗುವವರೆಗೆ ಹಳೆಯ ಮತ್ತು ಹೊಸ ಹೆಸರು–ಲಿಂಗ ಎರಡನ್ನೂ ನಮೂದಿಸಿ ಪತ್ರ ಕೊಡಬೇಕು ಎಂದಿತು. ಎರಡೂ ಹೆಸರು ಇರುವುದರಿಂದ ಗುಟ್ಟು ಉಳಿಯುವುದಿಲ್ಲ ಎಂಬ ಕೊರಗು ನ್ಯಾಯವೇ. ಹಾಗಾಗಿ ಬೇರೆ ದಾಖಲೆ ಸಾಕಾಗುವ ಕಡೆ ಅದನ್ನು ಲಗತ್ತಿಸಬೇಡಿ.

ಪ್ರಶ್ನೆ – ಶಾಲೆಯ ದ್ವಿತೀಯ ದರ್ಜೆ ಸಹಾಯಕರು:
ಪ್ರಮಾಣಪತ್ರ ಬಂತು ಅಂದುಕೊಳ್ಳಿ. ದಾಖಲಾತಿ ರಿಜಿಸ್ಟರ್‌ನಲ್ಲಿ ಹೇಗೆ ತಿದ್ದಬೇಕು?

ಉತ್ತರ – ಪರೀಕ್ಷಾ ವಿಭಾಗದ ಅಧಿಕಾರಿ:
ವೈಟ್ನರ್ ಹಚ್ಚಬೇಡಿ, ಬ್ಲೇಡಿನಿಂದ ಕೆರೆಯಬೇಡಿ. ಹಳೆಯ ಹೆಸರು ಓದಲು ಬರುವಂತೆ ಕೆಂಪು ಶಾಯಿಯಲ್ಲಿ ಒಂದೇ ಅಡ್ಡಗೆರೆ, ಮೇಲೆ ಹೊಸ ಹೆಸರು. ಷರಾ ಕಾಲಂನಲ್ಲಿ ಜಿಲ್ಲಾಧಿಕಾರಿಯ ಪ್ರಮಾಣಪತ್ರದ ಸಂಖ್ಯೆ, ದಿನಾಂಕ, ಮುಖ್ಯ ಶಿಕ್ಷಕರ ಸಹಿ, ಮೊಹರು. ಷರಾದಲ್ಲಿ ‘ಲಿಂಗ ಬದಲಾವಣೆ’ ಎಂಬ ಪದ ಬೇಕಿಲ್ಲ, ಸಂಖ್ಯೆ ಸಾಕು. ಪ್ರಮಾಣಪತ್ರದ ಪ್ರತಿ ಮುಚ್ಚಿದ ಲಕೋಟೆಯಲ್ಲಿ, ಬೀರುವಿನಲ್ಲಿ. ಟಿಸಿಯಲ್ಲಿ ಹೊಸ ಹೆಸರು ಮಾತ್ರ. ‘ಹಿಂದೆ ಇಂಥ ಹೆಸರು’ ಎಂದು ಕಂಸದಲ್ಲಿ ಬರೆದು ಉಪಕಾರ ಮಾಡಲು ಹೋಗಬೇಡಿ.

ಪ್ರಶ್ನೆ – ಕಾಲೇಜು ವಿದ್ಯಾರ್ಥಿ:
ಕಿರುಕುಳದ ದೂರು ಯಾರಿಗೆ? ಪ್ರಿನ್ಸಿಪಾಲರು ‘ಹೊಂದಿಕೊಂಡು ಹೋಗು’ ಅನ್ನುತ್ತಾರೆ.

ಉತ್ತರ – ವಕೀಲರು:
ಪ್ರತಿ ಸಂಸ್ಥೆಯಲ್ಲೂ 11ನೇ ಕಲಂ ಪ್ರಕಾರ ಒಬ್ಬ ದೂರು ಅಧಿಕಾರಿ ಇರಬೇಕು. ಅವರ ಹೆಸರು ಕೇಳಿ ಪ್ರಿನ್ಸಿಪಾಲರಿಗೆ ಎರಡು ಸಾಲಿನ ಪತ್ರ ಕೊಡಿ, ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಅಧಿಕಾರಿಯನ್ನೇ ನೇಮಿಸಿಲ್ಲ ಎಂದಾದರೆ ಆ ಕಾಗದವೇ ನಿಮ್ಮ ಮೊದಲ ಸಾಕ್ಷಿ. ದೂರು ಬಂದ 15 ದಿನದೊಳಗೆ ವಿಚಾರಣೆ, ವರದಿ ಬಂದ 15 ದಿನದೊಳಗೆ ಮುಖ್ಯಸ್ಥರ ಕ್ರಮ. ರ‍್ಯಾಗಿಂಗ್ ಆದರೆ ದಾರಿ ಇನ್ನೂ ಹತ್ತಿರ: 2016ರ ತಿದ್ದುಪಡಿಯಲ್ಲಿ ಯುಜಿಸಿ, ಟ್ರಾನ್ಸ್‌ಜೆಂಡರ್ ಮತ್ತು ಲೈಂಗಿಕ ಒಲವಿನ ಕಾರಣದ ಹಿಂಸೆಯನ್ನೂ ರ‍್ಯಾಗಿಂಗ್ ಎಂದೇ ಸೇರಿಸಿದೆ. ದೈಹಿಕ, ಮಾನಸಿಕ, ಲೈಂಗಿಕ ಹಿಂಸೆಗೆ 18ನೇ ಕಲಂ ಅಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ದಂಡ.

2025ರ ಅಕ್ಟೋಬರ್ 17ರಂದು ಟ್ರಾನ್ಸ್ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಕಾಯ್ದೆ ಕಾಗದದ ಮೇಲೆಯೇ ಉಳಿದಿದೆ ಎಂದು ಬೇಸರಪಟ್ಟು ಪರಿಹಾರ ಕೊಡಿಸಿತು, ನೀತಿ ರೂಪಿಸಲು ಸಮಿತಿಯನ್ನೂ ನೇಮಿಸಿತು. ಆ ತೀರ್ಪಿನ ಪ್ರತಿಯನ್ನು ದೂರಿಗೆ ಲಗತ್ತಿಸಿ.

ಪ್ರಶ್ನೆ – ಮೊದಲು ಕೇಳಿದ ಮುಖ್ಯ ಶಿಕ್ಷಕರು:
ಕೊನೆಯ ಪ್ರಶ್ನೆ. ಶಿಕ್ಷಕರಿಗೆ ತರಬೇತಿ ಕೊಡಿಸಲು ಸರ್ಕಾರದ ಕೈಪಿಡಿ ಇದೆಯೇ?

ಉತ್ತರ – ಆಪ್ತಸಮಾಲೋಚಕಿ:
2021ರಲ್ಲಿ ಎನ್‌ಸಿಇಆರ್‌ಟಿ ಒಂದನ್ನು ಸಿದ್ಧಪಡಿಸಿ ಜಾಲತಾಣದಲ್ಲಿ ಹಾಕಿತ್ತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪಿಸಿದ ಮೇಲೆ ಅದೇ ನವೆಂಬರ್‌ನಲ್ಲಿ ತೆಗೆದುಹಾಕಿತು. ಎಲ್ಲರೂ ಬಳಸುವ ಶೌಚಾಲಯದಂಥ ಸೌಲಭ್ಯಗಳ ಮಾತೂ ಆಕ್ಷೇಪಕ್ಕೆ ಗುರಿಯಾಯಿತು. ಅದನ್ನು ಕಾಯುತ್ತ ಕೂರಬೇಡಿ ಸರ್. ಶನಿವಾರದ ಸ್ಟಾಫ್ ಮೀಟಿಂಗಿನಲ್ಲಿ ನಲವತ್ತು ನಿಮಿಷ ಸಾಕು: ಯಾವ ಹೆಸರು ಎಲ್ಲಿ ಎಂಬ ಪಟ್ಟಿ, ‘ಕಣೋ–ಕಣೇ’ ಬಿಡುವ ಅಭ್ಯಾಸ, ಯಾರಾದರೂ ಅಣಕಿಸಿದರೆ ಆ ಕ್ಷಣ ಶಿಕ್ಷಕರು ಹೇಳಬೇಕಾದ ಒಂದು ವಾಕ್ಯ. ಮಗುವಿನ ಹೆಸರನ್ನು ಮಾತ್ರ ಆ ಮೀಟಿಂಗಿನಲ್ಲಿ ಎತ್ತಬೇಡಿ. ಅಲ್ಲಿರುವ ಎಲ್ಲರೂ ಆ ತರಗತಿಗೆ ಪಾಠ ಮಾಡುವವರಲ್ಲ.